ಕೆರೆ-ಒಲಕ್ಕೆ ಹೋದ ಫೋನು

ಬೆಳಿಗ್ಗೆಯಿಂದ ರೇವತಿ ಕೂತ ಕಡೆ ಕೂತಿರಲಿಲ್ಲ. ಎದ್ದು ಕಿಟಕಿಗೆ ಹೋಗುವುದು, ಕೆಳಗೆ ತಾಳವಾಡಿ ಬಸ್ ಸ್ಟ್ಯಾಂಡಿನಲ್ಲಿ ಸತ್ಯಮಂಗಲದ ಬಸ್ಸು ಹಿಂದಕ್ಕೆ ಮುಂದಕ್ಕೆ ಆಡುವುದನ್ನು ನೋಡುವುದು, ಮತ್ತೆ ಬಂದು ಲ್ಯಾಪ್‌ಟಾಪಿನ ಮುಂದೆ ಕೂರುವುದು, ಏನೋ ಒಂದು ಒತ್ತುವುದು, "ಥೂ ನಿನ್ನ" ಅನ್ನುವುದು. ಮಧ್ಯಾಹ್ನಕ್ಕೆ ತಂದ ಚಿತ್ರಾನ್ನದ ಡಬ್ಬಿಯ ಮುಚ್ಚಳ ತೆಗೆದು ಹಾಗೇ ಬಿಟ್ಟಿದ್ದಳು. ಇರುವೆ ಮುತ್ತಿದ್ದವು.

"ಏನಮ್ಮಿ, ಇರುವೆಗಳ್ಗ ಊಟ ಇಕ್ತಾ ಇದೀಯಾ?" ಅಂದಳು ಎದುರು ಮೇಜಿನ ಸುಧಾಮಣಿ.

ರೈತ ಸಂಘದ ಆಫೀಸು ಗೊಬ್ಬರದಂಗಡಿಯ ಮಹಡಿ ಮೇಲೆ. ಕೆಲಸಕ್ಕೆ ಇಬ್ಬರೇ. ಬಿತ್ತನೆ ಬೀಜ ನೋಡಿಕೊಳ್ಳುವವಳು ಸುಧಾಮಣಿ, ಕಾವಲು ಪೆಟ್ಟಿಗೆ ನೋಡಿಕೊಳ್ಳುವವಳು ರೇವತಿ. ಕಾವಲು ಪೆಟ್ಟಿಗೆ ಅಂದರೆ ಮೂಲೆಯಲ್ಲಿ ಮಿಣಮಿಣ ಅನ್ನುವ ಒಂದು ಕಪ್ಪು ಡಬ್ಬ. ಕಾಡಂಚಿಗೆ ಸಂಘದವರು ಕಂಬ ನೆಟ್ಟಿದ್ದಾರೆ; ಯಾವುದಾದರೂ ಕಂಬದ ಮುಂದೆ ಆನೆ ಹಾದರೆ ಸುದ್ದಿ ಈ ಡಬ್ಬಕ್ಕೆ ಬರುತ್ತದೆ. ಡಬ್ಬದೊಳಗೆ ರೇವತಿ ಬರೆದ ಶೆಲ್ ಸ್ಕ್ರಿಪ್ಟ್ ಇದೆ. ಇಂಥದ್ದಾದರೆ ಇಂಥದ್ದು ಮಾಡು ಅಂತ ಕಂಪ್ಯೂಟರಿಗೆ ಸಾಲುಸಾಲಾಗಿ ಬರೆದಿಟ್ಟ ಅಪ್ಪಣೆ ಅದು. ಆ ಅಪ್ಪಣೆಯ ಪ್ರಕಾರ ಪೆಟ್ಟಿಗೆ ಕಂಬದ ಪಕ್ಕದ ಹೊಲದವರಿಗೆ ತಾನೇ ಫೋನು ಮಾಡುತ್ತದೆ. ಅಟ್ಟಣೆ ಮೇಲೆ ಕಾವಲು ಕೂತವನಿಗೆ ಇಳಿದು ದೂರ ಹೋಗುವಷ್ಟು ಹೊತ್ತು ಸಿಗುತ್ತದೆ.

ಮೊದಮೊದಲು ಎಲ್ಲರಿಗೂ ಫೋನು ಹೋಗುವ ಹಾಗೆ ಮಾಡಿದ್ದಳು. ಆನೆ ಒಂದು ಕಡೆ, ಎದ್ದು ಕೂರುವುದು ಊರಿಗೆ ಊರೇ! ಜನ ಬೈದು ಬೈದು ಫೋನನ್ನೇ ಆರಿಸಿ ಮಲಗತೊಡಗಿದರು. ಆಮೇಲೆ ಒಂದು ಹೊಲಕ್ಕೆ ಒಂದೇ ಫೋನು ಅಂತ ಬದಲಾಯಿಸಿದಳು. ಚೆನ್ನಾಗಿಯೇ ನಡೆದಿತ್ತು, ಹೋದ ವಾರ ಅವಳದೇ ಊರು ತಿಗನಾರೆಯಲ್ಲಿ ಪ್ರಭುಸ್ವಾಮಿ ಅಟ್ಟಣೆಯ ಸಮೇತ ಕೆಳಗೆ ಬೀಳುವವರೆಗೆ.

ಆನೆ ಅಟ್ಟಣೆಯ ಕಾಲಿಗೆ ಮೈ ಉಜ್ಜಿತಂತೆ. ಅಷ್ಟೇ ಸಾಕಾಯಿತು. ಪ್ರಭುಸ್ವಾಮಿ ತೊಡೆಯ ಮೂಳೆ ಮುರಿದುಕೊಂಡು ಚಾಮರಾಜನಗರದ ಆಸ್ಪತ್ರೆಯಲ್ಲಿ ಮಲಗಿದ್ದಾನೆ. "ಫೋನೇ ಬರ್ನಿಲ್ಲ" ಅಂತ ಒಂದೇ ಮಾತು ಹೇಳಿದನಂತೆ. ಅವನು ಬೇರೆ ಯಾರೋ ಅಲ್ಲ, ರೇವತಿಯ ಸ್ವಂತ ಸೋದರಮಾವ. ಅವ್ವ ಬೊಮ್ಮಮ್ಮ ಅವತ್ತೇ ಫೋನು ಮಾಡಿ, "ನಿನ್ ಕಂಪೂಟ್ರು ನನ್ ತಮ್ಮನ್ ಕಾಲ್ ಮುರೀತು ಕಣ" ಅಂತ ಅತ್ತು ಕರೆ ಕತ್ತರಿಸಿದವಳು, ಆಮೇಲೆ ಮಗಳ ಜೊತೆ ಮಾತೇ ಆಡಿಲ್ಲ. ರೇವತಿ ತಾಳವಾಡಿಯಲ್ಲೇ ರೂಮು ಮಾಡಿಕೊಂಡಿರುವವಳು. ಊರಿಗೆ ಹೋಗಲು ಮುಖವಿಲ್ಲದೆ ಆ ಭಾನುವಾರ ಹೋಗಲೇ ಇಲ್ಲ.

ಸಂಘದ ಅಧ್ಯಕ್ಷರು ಶಿವಮಲ್ಲಪ್ಪ, ದೊಡ್ಡಗಾಜನೂರಿನ ದೊಡ್ಡ ಮನೆಯವರು. ಬೆಳಿಗ್ಗೆಯೇ ಬಂದು ಹೇಳಿ ಹೋಗಿದ್ದರು: "ನೋಡವ್ವ, ದೀಪ ಅಚ್ಚೊ ಒತ್ಗ ತಪ್ಪು ಎಲ್ಲೈತ ಅಂತ ತೋರ್ಸು. ಇಲ್ದಿದ್ರ ಪೆಟ್ಗ ಆರ್ಸಿ ಮೂಲಗ ಇಟ್ಬುಡು. ಸುಳ್ ನಂಬಿ ಕೂರೋದಕ್ಕಿಂತ ಪಟಾಕೀನೇ ವಾಸಿ."

ಪೆಟ್ಟಿಗೆ ಹೋದರೆ ಹೋಗಲಿ, ರೇವತಿಗೆ ಅದರ ಚಿಂತೆಯಲ್ಲ. ಚಿಂತೆ ಅಪ್ಪನದು. ಮುಸುಕಿನ ಜೋಳ ಹಾಲುಗಟ್ಟಿರುವ ಕಾಲ, ಆನೆಗಳು ದಿನಾ ಸಂಜೆ ಕೆರೆಯ ಸುತ್ತಲೇ ಸುಳಿದಾಡುತ್ತಿವೆ, ಮತ್ತು ಅಪ್ಪ ಪುಟ್ಟಮಾದ ಇವತ್ತು ಕಾವಲಿಗೆ ಹೋಗುವವನು. ಫೋನು ಬಂದರೆ ಇಳಿಯುತ್ತಾನೆ, ಬರದಿದ್ದರೆ ಕೂತೇ ಇರುತ್ತಾನೆ. ಎಂಥ ಮನುಷ್ಯ ಅಂದರೆ, ಕಣ್ಣಿಗೆ ಆನೆ ಕಂಡರೂ ಫೋನಿನ ಕಡೆ ನೋಡಿಕೊಂಡು ಕೂತಾನು!

ಪೆಟ್ಟಿಗೆ ತಾನು ಮಾಡಿದ್ದನ್ನೆಲ್ಲ ಬರೆದಿಟ್ಟುಕೊಳ್ಳುತ್ತದೆ. ಅದನ್ನು ತೆಗೆದು ನೋಡಿದ್ದಳು. ಮಾವ ಬಿದ್ದ ರಾತ್ರಿ ಪೆಟ್ಟಿಗೆ ಫೋನು ಮಾಡಿದ್ದು ಕೆರೆ-ಒಲಕ್ಕೆ. ಅದು ಪಕ್ಕದ ಪುಟ್ಟರಾಜುವಿನ ಹೊಲ; ಊರವರ ಬಾಯಲ್ಲಿ ಹೊಲ ಅಂದರೆ 'ಒಲ', ಸ್ಕ್ರಿಪ್ಟಿನಲ್ಲೂ ಹಾಗೇ ಬರೆದಿದ್ದಳು. ಮಾವನದು ಬಂಡೆ-ಒಲ, ಅಪ್ಪನದು ಉಣ್ಸೆ-ಒಲ. ಮೂರೂ ಒಂದಕ್ಕೊಂದು ಬದು ಹಂಚಿಕೊಂಡವು. ಅಂದಮೇಲೆ ಸ್ಕ್ರಿಪ್ಟು ಬಂಡೆ-ಒಲವನ್ನೂ ಕೆರೆ-ಒಲವನ್ನೂ ಎಲ್ಲೋ ಒಂದು ಕಡೆ ಕಲಸಿಬಿಟ್ಟಿದೆ! ಎಲ್ಲಿ ಅಂತ ಹುಡುಕಬೇಕು, ಅಷ್ಟೇ ಕೆಲಸ. ಆದರೆ ಹುಡುಕಲು ಬಿಡಬೇಕಲ್ಲ ಆ ಹಾಳು ಎಡಿಟರು!

ಸ್ಕ್ರಿಪ್ಟು ಬರೆಯುವ ಈ ಎಡಿಟರಿಗೆ ಒಂದು ಒಳ್ಳೆ ಗುಣವಿತ್ತು. ಅಪ್ಪಣೆಗೆ ಒಂದು ಬಣ್ಣ, ಹೆಸರಿಗೆ ಒಂದು ಬಣ್ಣ ಕೊಟ್ಟು ತೋರಿಸುತ್ತಿತ್ತು. ಒಂದು ಪದದ ಮೇಲೆ ಕರ್ಸರ್ ಇಟ್ಟರೆ ಸಾಕು, ಅದೇ ಪದ ಇನ್ನೆಲ್ಲೆಲ್ಲಿದೆಯೋ ಅಲ್ಲೆಲ್ಲ ಹಳದಿ ಬೆಳಕು. ಹಳೇ ಲ್ಯಾಪ್‌ಟಾಪಿನಲ್ಲಿ ಹಾಗಿತ್ತು. ಅದು ಸತ್ತು ಹೊಸದು ಬಂದಿದೆ. ಹೊಸದರಲ್ಲಿ ಸ್ಕ್ರಿಪ್ಟು ಮೇಲಿಂದ ಕೆಳಗಿನವರೆಗೆ ಬರೀ ಬಿಳಿ. ಕೆರೆ-ಒಲದ ಮೇಲೆ ಕರ್ಸರ್ ಇಟ್ಟರೆ ಎಡಿಟರು ನಡುವಿನ ಅಡ್ಡಗೆರೆಗೇ ಪದ ಕಡಿದು, ಬರೀ 'ಒಲ' ಅನ್ನುವುದನ್ನು ಹಿಡಿದುಕೊಳ್ಳುತ್ತದೆ. ಹಿಡಿದುಕೊಂಡು ಬಂಡೆ-ಒಲ, ಉಣ್ಸೆ-ಒಲ, ಗುಡ್ಡ-ಒಲ, ಕಂಡ ಕಂಡ ಒಲಗಳನ್ನೆಲ್ಲ ಬೆಳಗಿಸುತ್ತದೆ. ಇಡೀ ಪರದೆ ಹಳದಿ. ಯಾವುದು ಯಾವುದೋ ಶಿವನೇ ಬಲ್ಲ!

"ಪೆಟ್ಗನೂ ಇಂಗೇ ಮಾಡೈತ ಕಣ ಸುಧಾ," ಅಂದಳು ರೇವತಿ, ಉಗುರು ಕಚ್ಚುತ್ತಾ. "ಎಡಿಟ್ರುಗೆ ಎಲ್ಲಾ ಒಲಾನೂ ಒಂದೇ ಥರ ಕಂಡಂಗೆ, ಪೆಟ್ಗಗೂ ಕಂಡೈತೆ. ಅದ್ಕೇ ಬಂಡೆ-ಒಲ ಬುಟ್ಟು ಕೆರೆ-ಒಲಕ್ಕ ಓಗೈತೆ ಫೋನು."

"ಅಂಗಂತ ಯಾರ್ ಏಳುದ್ರು?"

"ನಂಗ ಅನ್ನುಸ್ತೈತೆ."

"ಅನ್ಸಿದ್ದಕ್ಕೆಲ್ಲ ಉಗುರ್ ಕಚ್ಬ್ಯಾಡ. ಬೆರಳೂ ಓದಾತು."

ಸೆಟ್ಟಿಂಗ್ಸಿಗೆ ಹೋದಳು. ಅದೊಂದು ಸಂತೆ. ಬಣ್ಣದ ಥೀಮ್ ಬದಲಿಸಿ ನೋಡಿದಳು. ಕಪ್ಪು ಹೋಗಿ ಬಿಳಿಯಾಯಿತು, ಬಿಳಿ ಹೋಗಿ ಒಂಥರಾ ಮಣ್ಣಿನ ಬಣ್ಣವಾಯಿತು, ಸ್ಕ್ರಿಪ್ಟು ಮಾತ್ರ ಹಾಗೇ ಬಣ್ಣಗೆಟ್ಟು ಕೂತಿತ್ತು. ಅಡ್ಡಗೆರೆಯೂ ಪದದ ಭಾಗವೇ, ಶೆಲ್ ಸ್ಕ್ರಿಪ್ಟಿನಲ್ಲಿ ಅಲ್ಲಿ ಕಡಿಯಬೇಡ ಅಂತ ಒಂದು ಸಾಲು ಬರೆದು ಸೇವ್ ಮಾಡಿದಳು. ಏನೂ ಆಗಲಿಲ್ಲ. ಎಡಿಟರನ್ನು ಮುಚ್ಚಿ ತೆರೆದಳು. ಏನೂ ಆಗಲಿಲ್ಲ. ಲ್ಯಾಪ್‌ಟಾಪನ್ನೇ ಆರಿಸಿ ಹಚ್ಚಿದಳು. ಅದು ಹತ್ತಿಕೊಳ್ಳುವಷ್ಟರಲ್ಲಿ ಕಿಟಕಿಗೆ ಹೋಗಿ ಬಂದಳು, ನೀರು ಕುಡಿದಳು, ಕುಡಿದ ಲೋಟವನ್ನು ಎಲ್ಲಿಟ್ಟೆ ಅಂತ ಹುಡುಕಿದಳು. ಬಿಸಿಲು ಆಗಲೇ ಎದುರಿನ ಬೇಕರಿಯ ಬೋರ್ಡಿನಿಂದ ಇಳಿದು ರಸ್ತೆಗೆ ಬಂದಿತ್ತು.

"ಅಯ್ಯೋ ಇದ್ರ ಮನೆ ಹಾಳಾಗ!" ಅಂತ ಮೇಜು ಗುದ್ದಿದಳು.

ಸುಧಾಮಣಿ ಎದ್ದು ಬಂದು ಹಿಂದೆ ನಿಂತಳು. ಅವಳಿಗೆ ಸ್ಕ್ರಿಪ್ಟು ಗಿಪ್ಟು ಗೊತ್ತಿಲ್ಲ. ಸುಮ್ಮನೆ ಪರದೆಯನ್ನೆಲ್ಲ ನೋಡಿ, "ಈ ಮೂಲೇಲಿ ಏನೋ ಬರ್ದೈತಲ್ಲ, ಅದೇನು?" ಅಂದಳು.

ಕೆಳಗಿನ ಬಲಮೂಲೆಯಲ್ಲಿ, ಇದು ಬರೀ ಮಾಮೂಲಿ ಬರಹ ಅಂತ ಚಿಕ್ಕ ಅಕ್ಷರದಲ್ಲಿ ಇತ್ತು. ಶೆಲ್ ಸ್ಕ್ರಿಪ್ಟ್ ಅಂತ ಇರಲಿಲ್ಲ. ರೇವತಿ ತಲೆ ಚಚ್ಚಿಕೊಂಡಳು. ಶೆಲ್ ಸ್ಕ್ರಿಪ್ಟಿಗೆ ಅಂತ ಅವಳು ಬರೆದ ಸೆಟ್ಟಿಂಗು ಈ ಫೈಲಿಗೆ ಹೇಗೆ ತಾಗೀತು? ಎಡಿಟರು ಇದನ್ನು ಸ್ಕ್ರಿಪ್ಟು ಅಂತಲೇ ಗುರುತಿಸಿಲ್ಲ! ಫೈಲಿನ ಹೆಸರು ಬರೀ 'ಕಾವಲು'; ಇದು ಇಂಥ ಫೈಲು ಅಂತ ಹೇಳುವ, ಚುಕ್ಕಿಯಿಟ್ಟು ಬರೆಯುವ ಬಾಲವಿಲ್ಲ. ಬಾಲವಿಲ್ಲದಿದ್ದರೆ ಎಡಿಟರು ಮೊದಲ ಗೆರೆ ನೋಡುತ್ತದೆ. ಇದು ಶೆಲ್ ಸ್ಕ್ರಿಪ್ಟ್ ಅಂತ ಸಾರುವ ಗೆರೆ ಮೊದಲನೆಯದಾಗಿರಬೇಕು. ಬರೆದಿದ್ದಳು, ಬರೆಯದೆ ಏನು? ಆದರೆ ಅದು ಎರಡನೇ ಗೆರೆ. ಮೊದಲನೆಯದು:

'ಶ್ರೀ ಮಾದೇಶ್ವರ ಸ್ವಾಮಿ ಪ್ರಸನ್ನ.'

ಇದು ಶಿವಮಲ್ಲಪ್ಪನವರ ಕಟ್ಟಳೆ. ಸಂಘದಲ್ಲಿ ಬೀಜದ ರಸೀದಿಯಿರಲಿ, ಕಲೆಕ್ಟರಿಗೆ ಬರೆಯುವ ಅರ್ಜಿಯಿರಲಿ, ತಲೆಯ ಮೇಲೆ ಮಾದಪ್ಪನ ಹೆಸರಿಲ್ಲದೆ ಒಂದು ಹಾಳೆಯೂ ಹೊರಗೆ ಹೋಗುವಂತಿಲ್ಲ. ಸ್ಕ್ರಿಪ್ಟು ಬರೆದ ದಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು, ಬೆರಳು ತೋರಿಸಿ ಬರೆಸಿದ್ದರು. ಪೆಟ್ಟಿಗೆಗೇನೂ ತಕರಾರಿರಲಿಲ್ಲ, ಅದು ಆ ಗೆರೆ ಹಾರಿಸಿ ಮುಂದಕ್ಕೆ ಹೋಗುತ್ತಿತ್ತು. ಹಳೇ ಲ್ಯಾಪ್‌ಟಾಪಿನಲ್ಲಿ ಇದು ಸ್ಕ್ರಿಪ್ಟು ಅಂತ ಅವಳೇ ಕೈಯಾರೆ ಹೇಳಿದ್ದಳು, ಮರೆತೂ ಬಿಟ್ಟಿದ್ದಳು.

ಅಷ್ಟು ಹೊತ್ತಿಗೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಸುಧಾಮಣಿ, "ಬಂದ್ರು ತಲೈವರು" ಅಂತ ಪಿಸುಗುಟ್ಟಿ ತನ್ನ ಮೇಜಿಗೆ ಓಡಿದಳು.

"ಸಿಕ್ತವ್ವ ತಪ್ಪು?" ಅಂದರು ಶಿವಮಲ್ಲಪ್ಪ, ಏದುಸಿರು ಬಿಡುತ್ತಾ.

"ಸಿಗ್ತೈತೆ ಯಜಮಾನ್ರೇ. ಅದ್ಕೂ ಮುಂಚೆ ಒಂದ್ ಕೆಲ್ಸ ಆಗ್ಬೇಕು. ಮಾದಪ್ಪನ್ನ ಒಂದ್ ಗೆರೆ ಕೆಳಿಕ್ ಇಳಿಸ್ಬೇಕು."

ಅವರು ಕೂರಲು ಹೋದವರು ಕೂರಲಿಲ್ಲ. "ಏನಂದೆ?"

"ಸ್ವಾಮಿ ಹೆಸ್ರು ಮೇಲಿರೋದ್ರಿಂದ ಎಡಿಟ್ರುಗೆ ಇದು ಏನು ಅಂತ ಗೊತ್ತಾಯ್ತಾ ಇಲ್ಲ. ಎರಡ್ನೇ ಗೆರೆಗೆ..."

"ಮಿಷಿನ್ಗ ಗೊತ್ತಾಗ್ನಿಲ್ಲ ಅಂತ ದೇವ್ರ ಕೆಳಿಕ್ ಇಳಿಸ್ತೀಯಾ? ಚೆನ್ನಾಗೈತೆ ಕಣವ್ವ ನಿನ್ ಓದು!"

ಬೇರೆ ದಿನವಾಗಿದ್ದರೆ ರೇವತಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳೋ ಏನೋ. ಇವತ್ತು ಅವಳಿಗೆ ಕೈಕಾಲು ನಿಲ್ಲುತ್ತಿರಲಿಲ್ಲ. "ಗುಡೀಲೂ ಬಾಗ್ಲಲ್ಲಿ ಕಾವಲ್ನೋರು ಮೊದ್ಲು ನಿಂತಿರ್ತಾರಲ್ವಾ ಯಜಮಾನ್ರೇ? ಸ್ವಾಮಿ ಒಳಗಡೆ ತಾನೆ ಇರೋದು? ಅವ್ರು ಮುಂದಿದ್ರು ಅಂತ ಸ್ವಾಮಿ ಕೀಳಾಗ್ಬುಟ್ನಾ?" ಅಂದೇಬಿಟ್ಟಳು.

ಶಿವಮಲ್ಲಪ್ಪ ಹೆಗಲ ಟವೆಲ್ಲು ತೆಗೆದು ಮುಖ ಒರೆಸಿಕೊಂಡು, "ಇಳ್ಸು. ಅಳ್ಸಬ್ಯಾಡ ಮತ್ತ" ಅಂದರು. ಪರದೆಯ ಕಡೆ ಕೈ ಮುಗಿದೂ ಬಿಟ್ಟರು.

ಎರಡು ಗೆರೆ ಅದಲುಬದಲಾದವು. ಸೇವ್ ಮಾಡಿ, ಮುಚ್ಚಿ, ತೆರೆದಳು. ಬಂತು ನೋಡಿ ಬಣ್ಣ! ಅಪ್ಪಣೆಗಳು ನೇರಳೆ, ಹೆಸರುಗಳು ತಿಳಿನೀಲಿ, ಫೋನ್ ನಂಬರುಗಳು ಹಸಿರು. ಕೆರೆ-ಒಲದ ಮೇಲೆ ಕರ್ಸರ್ ಇಟ್ಟಳು. ಈ ಸಲ ಪೂರ್ತಿ ಪದ ಬೆಳಗಿತು, ಅಡ್ಡಗೆರೆ ಸಮೇತ. ಮಿಕ್ಕ ಒಲಗಳೆಲ್ಲ ಸುಮ್ಮನಿದ್ದವು. ಕಂಬದ ಹೆಸರಿನ ಹತ್ತಿರ ಒಂದು, ಪುಟ್ಟರಾಜುವಿನ ನಂಬರಿನ ಹತ್ತಿರ ಒಂದು, ಫೋನು ಮಾಡು ಅನ್ನುವಲ್ಲಿ ಒಂದು. ಬಂಡೆ-ಒಲದ ಮೇಲೆ ಇಟ್ಟಳು. ಅದರದ್ದು ಅದಕ್ಕೆ, ಮಾವನ ನಂಬರಿಗೆ. ಎಲ್ಲಿಯೂ ಕಲಸಿಲ್ಲ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದಳು. ಸ್ಕ್ರಿಪ್ಟು ಸರಿಯಾಗಿಯೇ ಇತ್ತು.

ಸರಿಯಾಗಿದ್ದರೆ ಮಾವನಿಗೆ ಫೋನು ಯಾಕೆ ಹೋಗಲಿಲ್ಲ? ಹೊರಗೆ ಬೀದಿದೀಪ ಹತ್ತಿದ್ದವು. ಅಪ್ಪ ಈ ಹೊತ್ತಿಗೆ ಕಂಬಳಿ ಹೊದ್ದು ಹೊರಟಿರುತ್ತಾನೆ, ಉಣ್ಸೆ-ಒಲಕ್ಕೆ.

ಕೆರೆ-ಒಲಕ್ಕೆ ಒಂದು ಪರೀಕ್ಷೆ ಕರೆ ಬಿಟ್ಟಳು. ಪೆಟ್ಟಿಗೆ ಮಿಣುಕಿತು, ಕರೆ ಹೋಯಿತು, ನಿಂತಿತು. ಕೂಡಲೇ ತನ್ನ ಮೊಬೈಲಿನಿಂದ ಪುಟ್ಟರಾಜುವಿಗೆ ಮಾಡಿದಳು.

"ಚಿಕ್ಕಪ್ಪ, ಈಗ ಪೆಟ್ಗೆಯಿಂದ ಫೋನ್ ಬಂತಾ?"

"ಬಂತು ಕಣವ್ವ. ಆನ ಬಂತಾ?"

"ಇಲ್ಲ, ನಾನೇ ಬುಟ್ಟಿದ್ದು. ಪ್ರಭು ಮಾವ ಬಿದ್ದ ದಿನಾನೂ ನಿಮ್ಗೆ ಬಂದಿತ್ತಾ?"

ಆ ಕಡೆ ಎಮ್ಮೆಯೊಂದು ಕೂಗಿದ್ದು ಕೇಳಿಸಿತು.

"ಚಿಕ್ಕಪ್ಪ?"

"ಬಂದಿತ್ತು," ಅಂದ ಪುಟ್ಟರಾಜು ಕೊನೆಗೆ.

ರೇವತಿ ಕುರ್ಚಿಯಿಂದ ಎದ್ದೇಬಿಟ್ಟಳು. ಫೋನನ್ನು ಎದೆಗೆ ಒತ್ತಿಕೊಂಡು, "ನನ್ ತಪ್ಪಲ್ಲ ಸುಧಾ! ಯಜಮಾನ್ರೇ, ನನ್ ತಪ್ಪಲ್ಲ! ಆನೆ ಕೆರೆ-ಒಲಕ್ಕೇ ಬಂದಿದ್ದು, ಫೋನೂ ಕೆರೆ-ಒಲಕ್ಕೇ ಓಗೈತೆ, ಎಲ್ಲಾ ಸರ್ಯಾಗೈತೆ!" ಅಂದಳು. ಒಂದು ವಾರದಿಂದ ಎದೆ ಮೇಲೆ ಕೂತಿದ್ದದ್ದು ಇಳಿದು ಹೋದಂತಾಗಿ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಸುಧಾಮಣಿ ಚಪ್ಪಾಳೆ ತಟ್ಟಿದಳು. ಶಿವಮಲ್ಲಪ್ಪ ಮಾತ್ರ ಹುಬ್ಬು ಗಂಟಿಕ್ಕಿ, "ಅಂಗಾದ್ರ ಪ್ರಭುಸ್ವಾಮಿ ಎಲ್ಲಿ ಕುಂತಿದ್ದ?" ಅಂದರು.

ರೇವತಿ ಫೋನನ್ನು ಮತ್ತೆ ಕಿವಿಗಿಟ್ಟಳು. "ಚಿಕ್ಕಪ್ಪ, ಬಂಡೆ-ಒಲದಲ್ಲಿದ್ದ ಮಾವ ಎಂಗ್ ಬಿದ್ದ?"

"ಬಂಡೆ-ಒಲದಲ್ಲಿ ಯಾರವ್ವ ಇದ್ರು? ಅಂವ ನನ್ನೊಲದ ಅಟ್ಣ ಮ್ಯಾಲಿದ್ದ. ಮುಯ್ಯಿಗ."

ಮುಯ್ಯಿ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಕಳೆ ಕೀಳುವುದಕ್ಕೆ, ಕುಯ್ಲಿಗೆ ಹಾಗೆ ಕೈ ಕೂಡಿಸುತ್ತಾರೆ. ಕಾವಲಿಗೂ ಶುರುವಾಗಿದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳುವುದಕ್ಕೇನಿದೆ, ಊರಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ದಿನಾ ನಿದ್ದೆಗೆಟ್ಟರೆ ಬೆಳಿಗ್ಗೆ ಕೂಲಿಗೆ ಹೋಗುವುದು ಹೇಗೆ? ಕೆರೆ-ಒಲದ ಅಟ್ಟಣೆಯೇ ಎತ್ತರ, ಅಲ್ಲಿ ಕೂತರೆ ಮೂರೂ ಹೊಲ ಕಾಣುತ್ತವೆ; ಬಿದ್ದ ಮೇಲೆ ಅದೇ ಜಾಗದಲ್ಲಿ ಮತ್ತೆ ಕಟ್ಟಿದ್ದಾರೆ. ಸರದಿಯ ಮೇಲೆ ಒಬ್ಬ ಅಲ್ಲಿ ಕೂರುವುದು, ಮಿಕ್ಕಿಬ್ಬರು ಮನೆಯಲ್ಲಿ ಮಲಗುವುದು.

"ಫೋನ್ ಕೂಗ್ತು. ನಾ ಮನೇಲಿ ಮಲಗಿದ್ದೆ," ಅನ್ನುತ್ತಿದ್ದ ಪುಟ್ಟರಾಜು. "ನನ್ಗ ಬಂದಂಗ ಅವನ್ಗೂ ಬಂದಿರ್ತದ ಅಂದ್ಕಂಡು ಆರ್ಸಿ ಮಗ್ಗಲಾದೆ ಕಣವ್ವ. ಬೆಳಿಗ್ಗ ನೋಡುದ್ರ ಇಂಗಾಗೈತ. ಎಲ್ರೂ ನಿನ್ನ ಪೆಟ್ಗ ಬಯ್ತಿದ್ರು, ನಂಗ ಬಾಯಿ ಬುಡಕ್ಕ ಮಖ ಇರ್ನಿಲ್ಲ..."

ಮೂಲೆಯ ಪೆಟ್ಟಿಗೆ ಕೀ ಅಂತ ಕೂಗಿತು.

ಈ ಸಲ ಪರೀಕ್ಷೆಯಲ್ಲ. ಪರದೆಯ ಮೇಲೆ ಒಂದು ಹೊಸ ಸಾಲು ಮೂಡಿತು: ಕೆರೆ-ಒಲ, ಕರೆ ಮಾಡುತ್ತಿದೆ. ಅದರ ಕೆಳಗೆ ಇನ್ನೊಂದು: ಕೆರೆ-ಒಲ, ಲೈನ್ ಬಿಜಿ. ಪುಟ್ಟರಾಜುವಿನ ಲೈನು ಹಿಡಿದುಕೊಂಡಿದ್ದವಳು ಅವಳೇ.

"ಚಿಕ್ಕಪ್ಪ," ಅಂದಳು. "ಇವತ್ತು ನಿಮ್ಮೊಲದಲ್ಲಿ ಯಾರಿದಾರೆ?"

"ಇವತ್ತಾ? ನಿಮ್ಮಪ್ಪ."

ಆಗಿದ್ದೇನು ಅಂತ ಸುಧಾಮಣಿಗೆ ತಿಳಿಯುವಷ್ಟರಲ್ಲಿ ರೇವತಿ ಕರೆ ಕತ್ತರಿಸಿ ಅಪ್ಪನ ನಂಬರು ಒತ್ತಿದ್ದಳು. ಅವಸರಕ್ಕೆ ಮೊದಲ ಸಲ ಬೇರೆ ಯಾರಿಗೋ ಹೋಯಿತು. ಮತ್ತೆ ಒತ್ತಿದಳು. ಒಂದು ರಿಂಗು, ಎರಡು ರಿಂಗು. ಎತ್ತಪ್ಪ, ಎತ್ತು, ನಿನ್ ದಮ್ಮಯ್ಯ, ಎತ್ತು.

"ಏನ್ ಮಗಾ, ಉಂಡಾ?" ಅಂದ ಪುಟ್ಟಮಾದ, ನಿರಾಳವಾಗಿ.

"ಅಪ್ಪ ಇಳಿ! ಕೆರೆ ಕಂಬ ದಾಟೈತೆ ಆನೆ! ಇಳಿದು ಊರ್ ಕಡೆ ಓಡು! ಟಾರ್ಚ್ ಆಕ್ಬ್ಯಾಡ! ಫೋನ್ ಕಟ್ ಮಾಡ್ಬ್ಯಾಡ!"

ಅವನು ಏನೂ ಕೇಳಲಿಲ್ಲ. ಏಣಿಯ ಗಳ ಕಿರುಗುಟ್ಟಿದ್ದು ಕೇಳಿಸಿತು, ಧೊಪ್ಪೆಂದು ನೆಲಕ್ಕೆ ಇಳಿದದ್ದು ಕೇಳಿಸಿತು. ಆಮೇಲೆ ಬರೀ ಉಸಿರು, ಜೋಳದ ಎಲೆ ಬಟ್ಟೆಗೆ ಸವರುವ ಸದ್ದು. ಅದರ ಹಿಂದಿನಿಂದ, ದೂರವೂ ಅಲ್ಲ ಹತ್ತಿರವೂ ಅಲ್ಲ ಅನ್ನುವ ಕಡೆಯಿಂದ, ದಂಟುಗಳು ಲಟಲಟನೆ ಮುರಿಯುವ ಸದ್ದು. ರೇವತಿ ನಿಂತಲ್ಲೇ ಕಣ್ಣು ಮುಚ್ಚಿಕೊಂಡಳು. ಶಿವಮಲ್ಲಪ್ಪ ಅವಳ ಪಕ್ಕಕ್ಕೆ ಬಂದು ನಿಂತು, ಏನೂ ಕೇಳಿಸದಿದ್ದರೂ ತಲೆ ಬಾಗಿಸಿ ಕೇಳುತ್ತಿದ್ದರು. ಎಷ್ಟು ಹೊತ್ತು ಹಾಗೆ ನಿಂತರೋ. ಕೊನೆಗೆ ನಾಯಿ ಬೊಗಳಿತು, ಯಾರೋ ಹೆಂಗಸು "ಯಾರದು?" ಅಂದಳು, ಅಪ್ಪನ ಏದುಸಿರಿನ ದನಿ ಬಂತು.

"ಪುಟ್ರಾಜನ ಜಗಲಿ ಮ್ಯಾಲಿವ್ನಿ ಮಗಾ. ಅಟ್ಣ ಬಿತ್ತು ಅಂತ ಕಾಣ್ತದ, ಸದ್ದಾಯ್ತು." ಸ್ವಲ್ಪ ಉಸಿರು ತೆಗೆದುಕೊಂಡ. "ನಿನ್ ಪೆಟ್ಗ ಚೆನ್ನಾಗ್ ಕೂಗ್ತು ಬುಡು. ನಿಮ್ಮವ್ವನ್ಗ ಏಳ್ತೀನಿ."

ಹೌದಪ್ಪ ಅಂದುಬಿಟ್ಟಿದ್ದರೆ ಆಗುತ್ತಿತ್ತು. ಅವ್ವ ಮಾತಾಡುತ್ತಿದ್ದಳು, ಊರು ಹೊಗಳುತ್ತಿತ್ತು. ರೇವತಿಗೆ ಆ ಮಾತು ಬಾಯಿಗೆ ಬರಲಿಲ್ಲ. ಸ್ವಲ್ಪ ಮುಂಚೆ ಇದೇ ಜಾಗದಲ್ಲಿ ನಿಂತು, ಎಲ್ಲಾ ಸರಿಯಾಗಿದೆ ಅಂತ ನಕ್ಕಿದ್ದಳಲ್ಲ, ಆಗ ಅಪ್ಪ ಅದೇ ಅಟ್ಟಣೆಯ ಮೇಲಿದ್ದ. ನೆನೆದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಪೆಟ್ಗೆ ಕೂಗ್ಲಿಲ್ಲ ಅಪ್ಪ. ಪೆಟ್ಗೆ ಪುಟ್ರಾಜು ಚಿಕ್ಕಪ್ಪನ್ಗೆ ಮಾಡ್ತಾ ಇತ್ತು. ನಾನು ಪಕ್ಕದಲ್ಲಿ ಇದ್ದೆ, ಅದ್ಕೇ ನಿಂಗೆ ಮಾಡ್ದೆ. ಇಲ್ದಿದ್ರೆ ನಿಂಗ್ ಯಾರೂ ಮಾಡ್ತಿರ್ಲಿಲ್ಲ."

ಅಪ್ಪನ ಪಕ್ಕದಲ್ಲೇ ಯಾರೋ ಬಿಕ್ಕಿದ್ದು ಕೇಳಿಸಿತು, ಪುಟ್ಟರಾಜುವೇ ಇರಬೇಕು.

"ಅಂಗಾದ್ರ ಪ್ರಭೂಗ ಯಾರೂ ಮಾಡ್ನಿಲ್ಲ," ಅಂದ ಪುಟ್ಟಮಾದ.

"ಯಾರೂ ಮಾಡ್ಲಿಲ್ಲ ಅಪ್ಪ."

ಶಿವಮಲ್ಲಪ್ಪ ಕುರ್ಚಿ ಎಳೆದುಕೊಂಡು ಕೂತರು. ಸುಧಾಮಣಿ ಚಿತ್ರಾನ್ನದ ಡಬ್ಬಿಯ ಇರುವೆ ಕೊಡವುತ್ತಾ ಕೂತಿದ್ದಳು, ಯಾಕೆ ಅಂತ ಅವಳಿಗೂ ಗೊತ್ತಿರಲಿಲ್ಲ. ರೇವತಿ ಒಂದು ಕೈಯಲ್ಲಿ ಫೋನು ಹಿಡಿದುಕೊಂಡೇ, ಇನ್ನೊಂದು ಕೈಯಿಂದ ಕೆರೆ-ಒಲದ ಮುಂದೆ ಅಪ್ಪನ ನಂಬರು ಒತ್ತಿದಳು. ಹಸಿರಾಗಿ ಮೂಡಿತು. ಆದರೆ ಅದು ಇವತ್ತಿಗೆ ಮಾತ್ರ.

"ಚಿಕ್ಕಪ್ಪನ್ ಕೈಗೆ ಕೊಡಪ್ಪ," ಅಂದಳು.

"ಏನವ್ವ," ಅಂದ ಪುಟ್ಟರಾಜು.

"ನಾಳೆ ಯಾರು ಅಟ್ಣೆ ಮ್ಯಾಲೆ ಅಂತ ಎಲ್ಲಿ, ಯಾವಾಗ ಮಾತಾಡ್ಕತೀರಿ?"

"ಸಂಜಗ. ಟೀ ಅಂಗ್ಡೀಲಿ."

"ನಾನೂ ಬತ್ತೀನಿ. ನನ್ ಮುಂದೇನೇ ಮಾತಾಡ್ಕಳಿ."

"ಅಲ್ಲಿ ಎಣ್ಮಕ್ಳು ಯಾರೂ ಕೂರಲ್ಲವಲ್ಲವ್ವ," ಅಂದ ಅವನು, ಮೆಲ್ಲಗೆ.

"ಗೊತ್ತು," ಅಂದಳು ರೇವತಿ. "ಬೆಂಚಲ್ಲಿ ಜಾಗ ಬುಡಿ."